ಲ್ಯಾಪ್‌ಟಾಪು ಚಾಲನೆಗೊಳ್ಳದಿದ್ದರೆ

ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಲು ಇನ್ನು ಹತ್ತು ದಿನಗಳಿರುವಾಗ ವಿದ್ಯಾರ್ಥಿಯೊಬ್ಬನು ತನ್ನ ಹಳೆಯ ಲ್ಯಾಪ್‌ಟಾಪನ್ನು ಎತ್ತಿಕೊಂಡು ನಮ್ಮ ಪ್ರಯೋಗಶಾಲೆಗೆ ಬಂದನು. ಅವನ ಅಣ್ಣನು ಉಪಯೋಗಿಸಿ ಬಿಟ್ಟುಕೊಟ್ಟಿದ್ದ ಯಂತ್ರವದು. ಒಂದು ಸೆಮಿಸ್ಟರಿನ ಅಳತೆಗಳೆಲ್ಲವೂ ಅದರಲ್ಲಿದ್ದುವು. ಬೇರೆಲ್ಲಿಯೂ ಅವುಗಳ ಪ್ರತಿ ಇರಲಿಲ್ಲ. ಗುಂಡಿಯನ್ನು ಒತ್ತಿದರೆ ದೀಪವು ಹೊತ್ತಿಕೊಳ್ಳುತ್ತಿತ್ತು, ಫ್ಯಾನು ತಿರುಗುತ್ತಿತ್ತು, ತಯಾರಕರ ಹೆಸರು ತೆರೆಯ ಮೇಲೆ ಮೂಡುತ್ತಿತ್ತು. ಮುಂದೆ ಏನೂ ಇಲ್ಲ. ಒಳಗಿನಿಂದ ಆಗೊಮ್ಮೆ ಈಗೊಮ್ಮೆ ಟಿಕ್ ಎಂಬ ಸದ್ದು ಕೇಳಿಸುತ್ತಿತ್ತು.

“ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಬಿಡು ಎಂದು ಗೆಳೆಯರು ಹೇಳುತ್ತಾರೆ ಸಾರ್, ಹಾಕಲೆ?” ಎಂದು ಅವನು ಕೇಳಿದನು. ಕೂಡದೆಂದು ನಾವು ಹೇಳಿದೆವು. ಏಕೆ ಕೂಡದು ಎಂಬುದನ್ನು ತಿಳಿಯಬೇಕಾದರೆ ಯಂತ್ರವು ಎಚ್ಚರಗೊಳ್ಳುವ ಬಗೆಯನ್ನು ಮೊದಲು ಅರಿಯಬೇಕು.

ನಾಲ್ಕು ಮೆಟ್ಟಿಲುಗಳು

ಗುಂಡಿಯನ್ನು ಒತ್ತಿದ ಕ್ಷಣದಿಂದ ಕೆಲಸಕ್ಕೆ ಸಿದ್ಧವಾಗುವವರೆಗೆ ಯಂತ್ರವು ನಾಲ್ಕು ಮೆಟ್ಟಿಲುಗಳನ್ನು ಏರುತ್ತದೆ. ಮೊದಲನೆಯದು ವಿದ್ಯುತ್ತು. ಮನೆಯ 230 ವೋಲ್ಟುಗಳ ಪರ್ಯಾಯ ಪ್ರವಾಹವನ್ನು ಅಡಾಪ್ಟರು ಸಾಮಾನ್ಯವಾಗಿ 19 ವೋಲ್ಟುಗಳ ಆಸುಪಾಸಿನ ನೇರ ಪ್ರವಾಹವನ್ನಾಗಿ ಮಾರ್ಪಡಿಸುತ್ತದೆ. ಮದರ್‌ಬೋರ್ಡು ಅದನ್ನು ಇನ್ನೂ ಇಳಿಸಿ ಅಂಗಾಂಗಗಳಿಗೆ ಹಂಚುತ್ತದೆ. ಎರಡನೆಯದು ಆತ್ಮಪರೀಕ್ಷೆ. ಮದರ್‌ಬೋರ್ಡಿನ ಚಿಕ್ಕ ಚಿಪ್ಪೊಂದರಲ್ಲಿ ಬಯೋಸ್ ಎಂಬ ಆದೇಶಮಾಲೆಯು ನೆಲೆಸಿರುತ್ತದೆ. ಪ್ರೊಸೆಸರು ಎಚ್ಚರಗೊಂಡೊಡನೆ ಇದನ್ನು ಓದಿ, ರ್‍ಯಾಮ್ ಮೊದಲಾದುವು ಸರಿಯಾಗಿವೆಯೆ ಎಂದು ಪರೀಕ್ಷಿಸುತ್ತದೆ. ಮೂರನೆಯದು ಡಿಸ್ಕು. ಹಳೆಯ ಕ್ರಮದಲ್ಲಿ ಬಯೋಸ್ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಅವುಗಳಲ್ಲಿ 446 ಬೈಟುಗಳು ಚಾಲನೆಯ ಆದೇಶಗಳಿಗೂ, 64 ಡಿಸ್ಕಿನ ವಿಭಾಗಗಳ ಪಟ್ಟಿಗೂ, ಉಳಿದ 2 ಚಾಲನೆಗೆ ಯೋಗ್ಯವೆಂಬ ಗುರುತಿಗೂ ಮೀಸಲು. ಈ ಅಲ್ಪಭಾಗವು ಕೆಟ್ಟರೆ, ಉಳಿದ ಭಾಗದಲ್ಲಿ ಒಂದು ಗ್ರಂಥಾಲಯವೇ ಇದ್ದರೂ ಅದರ ಬಾಗಿಲು ತೆರೆಯದು. ನಾಲ್ಕನೆಯ ಮೆಟ್ಟಿಲಿನಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಡಿಸ್ಕಿನಿಂದ ರ್‍ಯಾಮಿಗೆ ಬಂದು ಯಂತ್ರದ ಆಡಳಿತವನ್ನು ವಹಿಸಿಕೊಳ್ಳುತ್ತದೆ.

ದೋಷವೆಲ್ಲಿ?

ಯಂತ್ರವು ಯಾವ ಮೆಟ್ಟಿಲಿನಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ ದೋಷದ ನೆಲೆಯು ಅರ್ಧ ತಿಳಿದಂತೆಯೇ. ದೀಪವೇ ಹೊತ್ತದಿದ್ದರೆ ಅಡಾಪ್ಟರನ್ನೂ ಬ್ಯಾಟರಿಯನ್ನೂ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುದಂಶವನ್ನು ಹರಿಯಗೊಟ್ಟು, ಅಡಾಪ್ಟರೊಂದನ್ನೇ ಜೋಡಿಸಿ ನೋಡಬೇಕು. ಫ್ಯಾನು ತಿರುಗಿಯೂ ತೆರೆ ಕಪ್ಪಾಗಿದ್ದರೆ ಅದರ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿರಿ. ಮಸುಕಾದ ಚಿತ್ರವು ಕಂಡರೆ ಕೆಟ್ಟಿರುವುದು ತೆರೆಯ ಹಿಂದಿನ ದೀಪ ಅಥವಾ ಅದರ ಮಂಡಲವೇ ಹೊರತು ಗಣಕವಲ್ಲ. ಏನೂ ಕಾಣದಿದ್ದರೆ ರ್‍ಯಾಮಿನ ತುಂಡುಗಳನ್ನು ತೆಗೆದು, ಒಂದೊಂದನ್ನೇ ಕೂರಿಸಿ ಪರೀಕ್ಷಿಸಬೇಕು. ಗಡಿಯಾರವು ಎಂದೋ ಕಳೆದ ವರ್ಷವನ್ನು ತೋರಿಸಿದರೆ ನಾಣ್ಯದಾಕಾರದ 3 ವೋಲ್ಟಿನ ಕೋಶವು ಸವೆದಿರುವ ಸಂಭವವುಂಟು. ಆಗ ಬಯೋಸಿನ ಏರ್ಪಾಡುಗಳು ಅಳಿಸಿಹೋಗಿ, ಆರೋಗ್ಯವಾಗಿರುವ ಡಿಸ್ಕೂ ಕೆಟ್ಟಂತೆ ತೋರಬಹುದು.

ನಮ್ಮ ಮುಂದಿದ್ದ ಯಂತ್ರವು ಎರಡು ಮೆಟ್ಟಿಲುಗಳನ್ನು ಏರಿ ಮೂರನೆಯದರಲ್ಲಿ ನಿಂತಿತ್ತು. ಆದರೂ ಸಂದೇಹವು ಪ್ರಮಾಣವಲ್ಲ. ಡಿಸ್ಕನ್ನು ಹೊರತೆಗೆದು, ಲಿನಕ್ಸ್ ಇರುವ ಪೆನ್ ಡ್ರೈವೊಂದರಿಂದ ಯಂತ್ರವನ್ನು ಚಾಲನೆಗೊಳಿಸಿದೆವು. ಅದು ಒಂದು ಗಂಟೆ ತೊಡಕಿಲ್ಲದೆ ನಡೆಯಿತು. ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸುವುದು ಪ್ರಯೋಗದ ಮೂಲನಿಯಮವಷ್ಟೆ? ಬದಲಿಸಿದ್ದು ಡಿಸ್ಕು, ಆದುದರಿಂದ ದೋಷವೂ ಡಿಸ್ಕಿನದೇ.

ಡಿಸ್ಕಿನ ಒಳಗೆ

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲವೂ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ಇಂದು ಅಂಗೈಯಲ್ಲಿ ಅಡಗುವ ಡಿಸ್ಕು ಅದರ ಲಕ್ಷ ಪಟ್ಟು ಹಿಡಿಯುತ್ತದೆ. ಆದರೆ ತತ್ತ್ವವು ಅದೇ: ತಿರುಗುವ ತಟ್ಟೆಯ ಮೇಲಣ ಕಾಂತೀಯ ಗುರುತುಗಳನ್ನು ಒಂದು ಶಿರವು ಓದುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ಲ್ಯಾಪ್‌ಟಾಪಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ತಟ್ಟೆಯ ತ್ರಿಜ್ಯವನ್ನು 3 ಸೆಂಟಿಮೀಟರೆಂದು ಹಿಡಿದರೆ ಅಂಚಿನ ವೇಗವು ಸೆಕೆಂಡಿಗೆ ಸುಮಾರು 17 ಮೀಟರು, ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು. ಈ ವೇಗಕ್ಕೆ ಹುಟ್ಟುವ ಗಾಳಿಯ ಪೊರೆಯ ಮೇಲೆ ಶಿರವು ತಟ್ಟೆಗೆ ಕೆಲವೇ ನ್ಯಾನೋಮೀಟರುಗಳಷ್ಟು ಸಮೀಪದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪವು ಈ ಅಂತರದ ಸಾವಿರಾರು ಪಟ್ಟು! ಹೀಗಿರಲು ಒಂದು ಧೂಳಿನ ಕಣವೂ ಅಲ್ಲಿ ಬಂಡೆಯಂತೆಯೇ. ಡಿಸ್ಕಿನ ಪೆಟ್ಟಿಗೆಯನ್ನು ಮನೆಯಲ್ಲಿ ಎಂದಿಗೂ ಬಿಚ್ಚಬಾರದೆಂಬುದಕ್ಕೆ ಕಾರಣವಿದು. ಟಿಕ್ ಎಂಬ ಸದ್ದು ಸಾಮಾನ್ಯವಾಗಿ, ಶಿರವು ದಾರಿಯ ಗುರುತುಗಳನ್ನು ಕಾಣಲಾರದೆ ಹಿಂದಕ್ಕೆ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂಬುದರ ಸೂಚನೆ. ಶಿರವು ತಟ್ಟೆಯನ್ನು ಮುಟ್ಟುತ್ತಿದ್ದರೆ ಪ್ರತಿಯೊಂದು ಸುತ್ತೂ ಸ್ವಲ್ಪ ಮಾಹಿತಿಯನ್ನು ಕೆರೆದುಹಾಕುತ್ತದೆ.

ಗೆಳೆಯರ ಸಲಹೆ ಏಕೆ ಅಪಾಯಕರವೆಂಬುದು ಈಗ ಸ್ಪಷ್ಟ. ವಿಂಡೋಸನ್ನು ಹೊಸದಾಗಿ ಹಾಕುವುದೆಂದರೆ, ಸಾಯುತ್ತಿರುವ ಡಿಸ್ಕಿನ ಮೇಲೆ ಕೋಟ್ಯಂತರ ಬೈಟುಗಳನ್ನು ಬರೆಯುವುದು. ಯಾವುದರ ಮೇಲೆ ಬರೆದಾಯಿತೋ ಅದು ಮತ್ತೆ ಬಾರದು.

ಮೊದಲು ಮಾಹಿತಿ, ಆಮೇಲೆ ಯಂತ್ರ

ಸದ್ದು ಎಡೆಬಿಡದೆ ಇದ್ದಿದ್ದರೆ ಡಿಸ್ಕನ್ನು ಒಡನೆಯೇ ನಿಲ್ಲಿಸಿ, ನಿರ್ಧೂಳಿ ಕೋಣೆಯುಳ್ಳ ತಜ್ಞರಿಗೆ ಒಪ್ಪಿಸುತ್ತಿದ್ದೆವು. ಸದ್ದು ವಿರಳವಾಗಿದ್ದು, ಬಯೋಸಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಕಾಣುತ್ತಿದ್ದುದರಿಂದ, ವಿದ್ಯಾರ್ಥಿಗೆ ಅಪಾಯವನ್ನು ತಿಳಿಸಿ ಅವನ ಒಪ್ಪಿಗೆ ಪಡೆದು ಒಂದು ಪ್ರಯತ್ನಕ್ಕೆ ಕೈಹಾಕಿದೆವು. ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ನಕಲು ಮಾಡಿ, ಹಟಮಾರಿ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ನಕಲು ಬೇರೊಂದು ಡಿಸ್ಕಿಗೇ ಹೋಗಬೇಕೆಂಬುದನ್ನು ಮರೆಯಬಾರದು. ರಾತ್ರಿಯೆಲ್ಲ ನಡೆದ ಈ ಕೆಲಸದಲ್ಲಿ ಎರಡು ದಿನಗಳ ಅಳತೆಗಳ ಹೊರತು ಉಳಿದೆಲ್ಲವೂ ಕೈಗೆ ಬಂದಿತು.

ಆಮೇಲೆ ಹೊಸ ಡಿಸ್ಕು. ತಿರುಗುವ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿಯನ್ನು ಆರಿಸಿದೆವು. ಅದರಲ್ಲಿ ಚಲಿಸುವ ಭಾಗವೇ ಇಲ್ಲ. ಅವಾಹಕದ ನಡುವೆ ಸೆರೆಯಾದ ಎಲೆಕ್ಟ್ರಾನುಗಳೇ ಮಾಹಿತಿ. ಇದರ ಬೀಜವನ್ನು ಬೆಲ್ ಪ್ರಯೋಗಾಲಯದ ಕಾಂಗ್ ಮತ್ತು ಝೀ ಎಂಬವರು 1967ರಲ್ಲಿ ಬಿತ್ತಿದರು. ಹಳೆಯ ಡಿಸ್ಕಿನಲ್ಲಿ ಬೇಕಾದ ಗುರುತು ಶಿರದ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 5.6 ಮಿಲಿಸೆಕೆಂಡು ಕಾಯಬೇಕು. ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಅಲ್ಪಾಂಶವೇ ಸಾಕು. ಮುದಿ ಯಂತ್ರವು ಚುರುಕಾಗುವುದು ಇದರಿಂದಲೇ.

ಕೊಳ್ಳುವ ಮುನ್ನ ಹಳೆಯ ಡಿಸ್ಕಿನ ಅಗಲ, ದಪ್ಪ, ಜೋಡಣೆಯ ಬಗೆ ಇವನ್ನು ನೋಡಿಕೊಳ್ಳಬೇಕು. ಬಿಚ್ಚುವ ಮುನ್ನ ಅಡಾಪ್ಟರನ್ನೂ ಬ್ಯಾಟರಿಯನ್ನೂ ತೆಗೆದು, ಭೂಮಿಗೆ ಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ತಿರುಪುಗಳನ್ನು ಅವು ಇದ್ದ ಸ್ಥಾನದ ಚಿತ್ರ ಬರೆದ ಕಾಗದದ ಮೇಲೆಯೇ ಇಡಿರಿ. ಡಿಸ್ಕನ್ನು ಮೇಲಕ್ಕೆ ಕೀಳದೆ ಜೋಡಣೆಯಿಂದ ಹಿಂದಕ್ಕೆ ಜಾರಿಸಿ ತೆಗೆಯಬೇಕು. ಹೊಸದನ್ನು ಕೂರಿಸಿದ ಬಳಿಕ ಅದರ ಹೆಸರು ಬಯೋಸಿನಲ್ಲಿ ಕಂಡರೆ ವಿಂಡೋಸನ್ನು ಹಾಕಲು ಅಡ್ಡಿಯಿಲ್ಲ. 500 ಗಿಗಾಬೈಟೆಂದು ಕೊಂಡದ್ದು 465 ಎಂದು ತೋರಿದರೆ ಗಾಬರಿ ಬೇಡ. ತಯಾರಕರು ಗಿಗಾ ಎಂಬುದನ್ನು ನೂರು ಕೋಟಿಯೆಂದು ಎಣಿಸುತ್ತಾರೆ, ವಿಂಡೋಸ್ 2ರ ಮೂವತ್ತನೆಯ ಘಾತವೆಂದು ಎಣಿಸುತ್ತದೆ.

ಎಸ್‌ಎಸ್‌ಡಿಯೂ ಅಮರವಲ್ಲ. ಬರೆದಂತೆಲ್ಲ ಅದೂ ಸವೆಯುತ್ತದೆ. ಟಿಕ್ ಎಂಬ ಮುನ್ಸೂಚನೆಯನ್ನೂ ಕೊಡದೆ ಒಂದು ದಿನ ಮೌನವಾಗಬಲ್ಲದು. ಡಿಸ್ಕನ್ನು ಅಂಗಡಿಯಿಂದ ಮತ್ತೆ ತರಬಹುದು, ಅಳತೆಗಳನ್ನು ತರಲಾಗದು. ಆದುದರಿಂದ ಮುಖ್ಯವಾದುದಕ್ಕೆ ಎರಡನೆಯ ಪ್ರತಿ ಬೇರೆ ಸ್ಥಳದಲ್ಲಿ ಇರಲೇಬೇಕು.

ಹೋದ ಎರಡು ದಿನಗಳ ಅಳತೆಗಳೇನಾದುವೆಂದು ವಾಚಕರು ಕೇಳಬಹುದು. ಪ್ರತಿದಿನದ ಅಂಕಿಗಳನ್ನು ಮೊದಲು ರೆಕಾರ್ಡ್ ಪುಸ್ತಕದಲ್ಲಿ ಶಾಯಿಯಿಂದ ಬರೆಯಬೇಕೆಂದು ನಾವು ಒತ್ತಾಯಿಸಿದಾಗಲೆಲ್ಲ ಗೊಣಗುತ್ತಿದ್ದ ಆ ಹುಡುಗನು, ಆ ಎರಡು ದಿನ ಮಾತ್ರ ನಮ್ಮ ಮಾತನ್ನು ಕೇಳಿದ್ದನು. ವರದಿಯು ಸಕಾಲಕ್ಕೆ ಸಂದಿತು.