ನೀರಿನ ಬೇಸಾಯದಲ್ಲಿ ಪಿಎಚ್

ಅಂಗಳವಿಲ್ಲದ ನಗರದಲ್ಲಿ, ಮಣ್ಣಿನ ಬದಲು ಲವಣ ಬೆರೆಸಿದ ನೀರಿನಲ್ಲಿಯೇ ನಾವು ಸೊಪ್ಪು ಬೆಳೆಯುವಾಗ ಒಂದು ವಿಚಿತ್ರವನ್ನು ಕಾಣುತ್ತೇವೆ. ನೀರಿಗೆ ಕಬ್ಬಿಣದ ಲವಣ ಹಾಕಿದ್ದರೂ ಎಳೆಯ ಎಲೆಗಳು, ನರಗಳಷ್ಟೇ ಹಸುರಾಗಿ ಉಳಿದು, ಹಳದಿಗಟ್ಟುತ್ತವೆ. ಬಡಿಸಿದ ಎಲೆಯ ಮುಂದೆಯೇ ಉಪವಾಸ! ನೀರು ಕ್ಷಾರದ ಕಡೆಗೆ ವಾಲಿದಾಗ ಕಬ್ಬಿಣವು ಕರಗಿರದೆ ಗಸಿಯಾಗಿ ತಳಕ್ಕಿಳಿಯುತ್ತದೆ. ಬೇರಿಗೋ ಕರಗಿದ್ದೇ ಆಹಾರ. ಇನ್ನಷ್ಟು ಕಬ್ಬಿಣ ಸುರಿದು ಫಲವಿಲ್ಲ.

ಆಮ್ಲ-ಕ್ಷಾರಗಳನ್ನು ತಿಳಿಸುವ ಪಿಎಚ್ ಮಾನವನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸನ್ ರೂಪಿಸಿದರು. 7 ತಟಸ್ಥ; 6ಕ್ಕೆ ಇಳಿದರೆ ಆಮ್ಲತೆ ಹತ್ತು ಪಟ್ಟು. ಸೊಪ್ಪಿಗೆ 5.5ರಿಂದ 6.5 ಹಿತ. ಸಸ್ಯವು ನೈಟ್ರೇಟನ್ನು ಹೀರಿದಂತೆ ಈ ಅಂಕ ಏರುತ್ತ ಹೋಗುವುದರಿಂದ ಒಮ್ಮೆ ಅಳೆದು ಸುಮ್ಮನಿರಲಾಗದು. ಮಣ್ಣಾಗಿದ್ದರೆ ಏರಿಳಿತವನ್ನು ಬಹುಮಟ್ಟಿಗೆ ತಾನೇ ತಡೆಯುತ್ತಿತ್ತು. ಅಂಕ ಏರಿದಾಗ, ಹಿರಿಯರ ಎದುರಿನಲ್ಲಿ, ಸಾರರಿಕ್ತ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬೆರೆಸಿ, ಕಲಕಿ, ಮತ್ತೆ ಅಳೆಯತಕ್ಕದ್ದು.