ಒಬ್ಬೊಬ್ಬರೇ ಹೊರುವ ಭಾರ: ಕಿರಿಯ ಶಿಕ್ಷಕಿಗೊಂದು ಪತ್ರ



ಆಟಿಸಂ ಇರುವ ಮಗುವೊಂದು ತರಗತಿಗೆ ಸೇರಿದಾಗ ಹೊಸದಾಗಿ ಕೆಲಸಕ್ಕೆ ಬಂದ ಶಿಕ್ಷಕಿ ಮೊದಲು ಮಗುವಿನ ಬಗ್ಗೆ ಓದಲು ತೊಡಗುತ್ತಾಳೆ, ಅದು ಒಳ್ಳೆಯದೇ. ಆದರೆ ಹಗಲು ಆ ಮಗುವಿನೊಡನೆ ಇರುವ ತನ್ನ ಮನಸ್ಸಿಗೆ ಏನಾಗುತ್ತದೆ, ಹಗಲೂ ರಾತ್ರಿಯೂ ಅದರೊಡನೆ ಇರುವ ತಾಯಿಯ ಮನಸ್ಸಿಗೆ ಏನಾಗಿರುತ್ತದೆ ಎಂಬುದನ್ನು ಆಕೆಗೆ ತರಬೇತಿಯಲ್ಲಿ ಹೇಳಿಕೊಡುವವರು ಕಡಿಮೆ. ಇಬ್ಬರ ಬಳಲಿಕೆಗೂ ಮಗುವನ್ನೇ ಕಾರಣವೆಂದು ತಿಳಿಯುವುದು ರೂಢಿ. ಹತ್ತಿರದಿಂದ ನೋಡಿದರೆ ಅವರನ್ನು ಹೆಚ್ಚು ಕುಗ್ಗಿಸುವುದು ಒಂದೇ ಭಾರವನ್ನು ಇಬ್ಬರೂ ಪ್ರತ್ಯೇಕವಾಗಿ, ಪರಸ್ಪರ ಸಂಶಯದಿಂದ, ಹೊರಬೇಕಾಗಿ ಬಂದಿರುವುದು.

ಆಟಿಸಂ, ಅಂದರೆ ಸ್ವಲೀನತೆ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಈ ಮಕ್ಕಳಲ್ಲಿ ಮಾತು ಮತ್ತು ಒಡನಾಟದ ರೀತಿ ಬೇರೆಯಾಗಿರುವಂತೆಯೇ ಸದ್ದು, ಬೆಳಕು, ಸ್ಪರ್ಶಗಳನ್ನು ಗ್ರಹಿಸುವ ರೀತಿಯೂ ಬೇರೆಯಾಗಿರುತ್ತದೆ. ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಬರೆದ ಲೇಖನದಲ್ಲಿ ಇದು ಹುಟ್ಟಿನಿಂದಲೇ ಬಂದದ್ದೆಂಬ ತೀರ್ಮಾನವಿದ್ದರೂ, ಆ ಮಕ್ಕಳ ತಂದೆತಾಯಿಯರಲ್ಲಿ ವಾತ್ಸಲ್ಯ ತೋರುವವರು ಕಡಿಮೆ ಎಂಬ ಮಾತೂ ಸೇರಿಕೊಂಡಿತ್ತು. ಆ ಒಂದು ಮಾತು ಬೆಳೆದು ‘ರೆಫ್ರಿಜರೇಟರ್ ತಾಯಿ’, ಅಂದರೆ ಮಮತೆಯಿಲ್ಲದ ತಣ್ಣನೆಯ ತಾಯಿಯೇ ಮಗುವಿನ ಸ್ಥಿತಿಗೆ ಕಾರಣ, ಎಂಬ ವಾದವಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಅದನ್ನು ಮನೆಮನೆಗೂ ಮುಟ್ಟಿಸಿತು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲೆಂಡ್ ಅದಕ್ಕೂ ಮೊದಲೇ, 1964ರಲ್ಲಿ, ಇದರ ಮೂಲ ದೇಹದಲ್ಲಿದೆ, ಪಾಲನೆಯಲ್ಲಿ ಅಲ್ಲ ಎಂದು ವಾದಿಸಿದ್ದರು. ಕಾಲಕ್ರಮದಲ್ಲಿ ವಿಜ್ಞಾನ ಅವರ ಪಕ್ಷಕ್ಕೇ ಬಂದಿತು.

ನಮ್ಮ ಓಣಿಗಳು ಮಾತ್ರ ಇನ್ನೂ ಬಂದಿಲ್ಲ. ಬಸಿರಿದ್ದಾಗ ಗ್ರಹಣ ನೋಡಿದಳು, ಹರಕೆ ತೀರಿಸಲಿಲ್ಲ, ಕೆಲಸಕ್ಕೆ ಹೋಗಿ ಮಗುವನ್ನು ಒಂಟಿಯಾಗಿ ಬಿಟ್ಟಳು ಎನ್ನುತ್ತಿದ್ದ ಬಾಯಿಗಳೇ ಈಗ ಮೊಬೈಲ್ ಕೊಟ್ಟು ಕೂರಿಸಿದಳು ಎನ್ನುತ್ತವೆ. ಪುಟ್ಟ ಮಕ್ಕಳ ಕೈಗೆ ಮೊಬೈಲ್ ಕೊಡದಿರುವುದು ಸರಿಯಾದ ಸಲಹೆಯೇ, ಆದರೆ ಅದನ್ನು ಆಟಿಸಂನ ಕಾರಣವೆಂದು ತಾಯಿಯ ತಲೆಗೆ ಕಟ್ಟುವುದು ಬೆಟಲ್‌ಹೈಮ್ ವಾದದ ಹೊಸ ರೂಪವಷ್ಟೆ.

ತಾಯಿಯ ದಣಿವಿಗೆ ದೇಹದಲ್ಲೂ ಗುರುತುಗಳಿವೆ. ಈ ಮಕ್ಕಳಲ್ಲಿ ಅನೇಕರಿಗೆ ನಿದ್ರೆ ಸರಿಯಾಗಿ ಬರುವುದಿಲ್ಲ. ಕೆಲವರು ಬಾಗಿಲು ತೆರೆದಿದ್ದರೆ ಹೊರಟುಬಿಡುತ್ತಾರೆ, ಹಾಗಾಗಿ ಮನೆಯಲ್ಲೊಬ್ಬರು ಸದಾ ಎಚ್ಚರದಲ್ಲಿರಬೇಕಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾರ್ಷಾ ಸೆಲ್ಟ್ಜರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಹದಿಹರೆಯದ ಮತ್ತು ವಯಸ್ಕ ಮಕ್ಕಳ ತಾಯಂದಿರಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡವನ್ನು ಎದುರಿಸಲು ದೇಹ ಸ್ರವಿಸುವ ಹಾರ್ಮೋನು, ಇತರ ತಾಯಂದಿರಿಗಿಂತ ಕಡಿಮೆ ಮಟ್ಟದಲ್ಲಿರುವುದು ಕಂಡುಬಂದಿತು. ದೀರ್ಘಕಾಲದ ಒತ್ತಡದಲ್ಲಿ ಬದುಕಿದವರ ದೇಹ ಹೀಗೆ ಮಂದವಾಗಿ ಸ್ಪಂದಿಸುವುದುಂಟು. ಶಾಲೆಯ ಗೇಟಿನ ಬಳಿ ದೂರನ್ನು ಕೇಳಿಯೂ ಮುಖದಲ್ಲಿ ಯಾವ ಭಾವವನ್ನೂ ತೋರದೆ ನಿಂತ ತಾಯಿಯನ್ನು ಕಂಡು ‘ಇವರಿಗೆ ಕಾಳಜಿಯೇ ಇಲ್ಲ’ ಎಂದುಕೊಳ್ಳುವ ಮೊದಲು ಶಿಕ್ಷಕಿ ಇದನ್ನು ನೆನೆಯಬೇಕು. ಇಂಥ ತಾಯಂದಿರನ್ನು ತ್ಯಾಗಮಯಿ, ದೇವರೇ ಆರಿಸಿದವಳು ಎಂದು ಹೊಗಳುವ ಅಭ್ಯಾಸವನ್ನೂ ಬಿಡುವುದು ಲೇಸು. ಹಾಗೆ ಹೊಗಳಿಸಿಕೊಂಡವಳಿಗೆ ತಾನು ಸೋತಿದ್ದೇನೆಂದು ಹೇಳಿಕೊಳ್ಳುವ ಹಕ್ಕೂ ಉಳಿಯುವುದಿಲ್ಲ.

ಶಿಕ್ಷಕಿಯ ಬಳಲಿಕೆಯ ಬಗೆ ಬೇರೆ. ಮನೋವಿಜ್ಞಾನಿ ಕ್ರಿಸ್ಟೀನಾ ಮ್ಯಾಸ್ಲಾಕ್ 1981ರಲ್ಲಿ ರೂಪಿಸಿದ ಅಳತೆಗೋಲಿನ ಪ್ರಕಾರ ಬರ್ನ್‌ಔಟ್, ಅಂದರೆ ವೃತ್ತಿಯೇ ತರುವ ಬಸವಳಿಕೆ, ಮೂರು ಮುಖದ್ದು: ಭಾವನೆಗಳು ಬತ್ತುವುದು, ಎದುರಿಗಿರುವವರನ್ನು ಮನುಷ್ಯರಂತೆ ಕಾಣದೆ ‘ಕೇಸು’ಗಳಂತೆ ಕಾಣತೊಡಗುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂಬ ನಿರಾಶೆ. ಎರಡನೆಯದನ್ನು ಶಿಕ್ಷಕಿಯರು ತಮ್ಮ ದುಷ್ಟತನವೆಂದು ಭಾವಿಸಿ ಮುಚ್ಚಿಡುತ್ತಾರೆ; ಅದು ದುಷ್ಟತನವಲ್ಲ, ಲಕ್ಷಣ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿಕಲಿ ಕೊಠಡಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮೆಟ್ಟಿಲು ಏರುವ ಪದ್ಧತಿ ಈ ಮಗುವಿಗೆ ಅನುಕೂಲವೇ, ಆದರೆ ಅಲ್ಲಿನ ಹಾಡು, ಕುಣಿತ, ಗದ್ದಲ ಅದಕ್ಕೆ ಹಿಂಸೆಯಾಗಬಹುದು. ಬಿಸಿಯೂಟದ ಹೊತ್ತಿನ ಸ್ಟೀಲ್ ತಟ್ಟೆಗಳ ಸದ್ದಿಗೆ ಕಿವಿ ಮುಚ್ಚಿ ಚೀರುವ ಮಗುವನ್ನು ಹಠಮಾರಿ ಎಂದುಕೊಂಡರೆ ಶಿಕ್ಷಕಿಗೆ ಕೋಪ ಬರುತ್ತದೆ, ಸದ್ದಿನಿಂದ ನೋವಾಗುತ್ತಿದೆ ಎಂದು ತಿಳಿದರೆ ಕೋಪದ ಜಾಗದಲ್ಲಿ ಮಾಡಬೇಕಾದ ಕೆಲಸವೊಂದು ಕಾಣುತ್ತದೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೊಬ್ಬ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಆದರೆ ನಮ್ಮಲ್ಲಿ ಬ್ಲಾಕ್ ಮಟ್ಟದ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಹಲವು ಶಾಲೆಗಳನ್ನು ಸುತ್ತಬೇಕು. ಆದ್ದರಿಂದ ತನ್ನಿಂದ ಆಗದಿದ್ದುದೆಲ್ಲ ತನ್ನ ಅಸಾಮರ್ಥ್ಯವೆಂದು ಶಿಕ್ಷಕಿ ಲೆಕ್ಕ ಹಾಕಬಾರದು. ಅದರಲ್ಲಿ ದೊಡ್ಡ ಪಾಲು ವ್ಯವಸ್ಥೆಯದು, ಅದನ್ನು ಮುಖ್ಯಶಿಕ್ಷಕರಿಗೆ ಬರಹದಲ್ಲಿ ತಿಳಿಸುವುದು ದೂರಲ್ಲ, ಕರ್ತವ್ಯ.

ಇನ್ನು ಇಬ್ಬರೂ ಎದುರುಬದುರಾಗುವ ಜಾಗ. ‘ಮನೆಯಲ್ಲಿ ಮುದ್ದು ಮಾಡಿ ಕೆಡಿಸಿದ್ದಾರೆ’ ಎಂದು ಶಾಲೆಯೂ, ‘ಶಾಲೆಯಲ್ಲಿ ಮೂಲೆಗೆ ಕೂರಿಸುತ್ತಾರೆ’ ಎಂದು ಮನೆಯೂ ಅಂದುಕೊಂಡಿರುತ್ತವೆ. ಮಗು ಕಚ್ಚಿದ ದಿನ, ಓಡಿಹೋದ ದಿನ ಮಾತ್ರ ಶಾಲೆಯಿಂದ ಫೋನ್ ಬರುತ್ತಿದ್ದರೆ, ಆ ನಂಬರು ಕಂಡೊಡನೆ ತಾಯಿಯ ಎದೆ ಹೊಡೆದುಕೊಳ್ಳಲು ಆರಂಭಿಸುತ್ತದೆ; ಮುಂದೆ ಆಕೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾಳೆ, ಶಾಲೆ ಅದನ್ನು ಉಪೇಕ್ಷೆ ಎಂದು ಬರೆದಿಡುತ್ತದೆ. ಇದಕ್ಕೆ ದುಬಾರಿಯಲ್ಲದ ಉಪಾಯವೆಂದರೆ ಮಗುವಿನ ಚೀಲದಲ್ಲಿ ಹೋಗಿ ಬರುವ ಒಂದು ಪುಸ್ತಕ. ರಾತ್ರಿ ನಿದ್ದೆ ಹೇಗಿತ್ತು, ಬೆಳಿಗ್ಗೆ ತಿಂಡಿ ತಿಂದಿತೇ ಎಂದು ಮನೆಯವರು ಒಂದು ಸಾಲು ಬರೆಯಬೇಕು. ಮಗುವಿಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಶಿಕ್ಷಕಿ ಬರೆಯಬೇಕು, ತಾಯಿಗೆ ಓದು ಬಾರದಿದ್ದರೆ ಅದೇ ಮಾತನ್ನು ವಾಯ್ಸ್ ಮೆಸೇಜ್‌ನಲ್ಲಿ ಹೇಳಬಹುದು. ನಿದ್ದೆಗೆಟ್ಟ ರಾತ್ರಿಯ ಮರುದಿನ ಮಗುವಿನಿಂದ ಕಡಿಮೆ ನಿರೀಕ್ಷಿಸುವುದು ಆಗ ಶಿಕ್ಷಕಿಗೆ ತಾನಾಗಿ ರೂಢಿಯಾಗುತ್ತದೆ. ಚಿಕಿತ್ಸಕರು ಹೇಳಿದ್ದನ್ನೆಲ್ಲ ಮನೆಯಲ್ಲಿ ಮಾಡಿಸಲಿಲ್ಲವೇಕೆಂದು ಪ್ರಶ್ನಿಸುವುದನ್ನು ಈ ಪುಸ್ತಕದಿಂದ ದೂರವಿಡಬೇಕು; ದಿನವಿಡೀ ಥೆರಪಿಸ್ಟ್ ಆಗಬೇಕಾದ ತಾಯಿಗೆ ತಾಯಿಯಾಗಿರಲು ಹೊತ್ತೇ ಸಿಗುವುದಿಲ್ಲ.

ತಂದೆತಾಯಿಯರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ತಮ್ಮ ನಂತರ ಮಗುವಿನ ಗತಿಯೇನು ಎಂಬ ಭಯ, ಮತ್ತು ಇದಕ್ಕೆ ಸಮಾಧಾನದ ಮಾತಿಗಿಂತ ಮಾಹಿತಿಯೇ ಉತ್ತಮ ಮದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಆದ್ದರಿಂದ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ, ಕಾರ್ಡಿಗೆ ಅರ್ಜಿ ಹಾಕಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಯಿದೆ, ಮಗುವಿಗೆ 18 ತುಂಬಿದ ಮೇಲೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳುವ ಅವಕಾಶವಿದೆ. ಇವನ್ನು ತಿಳಿದಿರುವ ಶಿಕ್ಷಕಿ ಒಂದು ಕುಟುಂಬದ ಅರ್ಧ ನಿದ್ದೆಯನ್ನು ಮರಳಿಸಬಲ್ಲಳು.

ಒತ್ತಡ ಕಾಯಿಲೆಯಾಗುವ ಗಡಿಯನ್ನೂ ಗುರುತಿಸಬೇಕು. ಮಗು ಮಲಗಿದ ಮೇಲೂ ನಿದ್ದೆ ಬಾರದಿರುವುದು, ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ‘ನಾವಿಬ್ಬರೂ ಇಲ್ಲವಾದರೆ ಚೆನ್ನ’ ಎಂಬಂಥ ಮಾತು ತಾಯಿಯ ಬಾಯಲ್ಲಿ ಬರುವುದು, ಇವಕ್ಕೆ ಧೈರ್ಯದ ಮಾತು ಸಾಲದು, ಆ ಹೊತ್ತಿನಲ್ಲಿ ಆಕೆಯನ್ನು ಒಂಟಿಯಾಗಿ ಬಿಡಲೂಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವೂ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುವ ‘ಮನೋಚೈತನ್ಯ’ ಚಿಕಿತ್ಸಾಲಯವೂ ಇವೆ. ಸಹಾಯವಾಣಿಯ ನಂಬರು ತಾಯಂದಿರಿಗೆ ಮಾತ್ರವಲ್ಲ. ಭಾನುವಾರ ಸಂಜೆಯಾಗುತ್ತಿದ್ದಂತೆ ಸೋಮವಾರದ ತರಗತಿಯನ್ನು ನೆನೆದು ಹೊಟ್ಟೆ ಕಿವುಚುವ ಶಿಕ್ಷಕಿಯ ಫೋನಿನಲ್ಲೂ ಅದು ಇರಬೇಕು.