ಮುತ್ಯಾನ ಕೋಟಿನ ವಯಸ್ಸೆಷ್ಟು? ಕಂಡುಹಿಡಿಯುವ ಸೂತ್ರಗಳು

ಆಳಂದ, ಅಫಜಲಪುರ, ಜೇವರ್ಗಿ ಕಡೆ ಉಣ್ಣೆ ಕೋಟಿನ ಕೆಲಸ ಡಿಸೆಂಬರ್, ಜನವರಿಯ ಕೆಲವೇ ವಾರ. ಹೊಲಕ್ಕೆ ಹೋಗುವವರಿಗೆ ಕಂಬಳಿ ಸಾಕಾಗುತ್ತಿತ್ತು. ಆದರೂ ಗೌಡರ, ಕುಲಕರ್ಣಿಯವರ, ವಕೀಲರ, ರೈಲ್ವೆ ನೌಕರರ ಮನೆಗಳ ಹಳೆಯ ಟ್ರಂಕು ತೆರೆದರೆ ಮೊಣಕಾಲುದ್ದದ ಶೇರವಾನಿಯೋ ದಪ್ಪ ಓವರ್‌ಕೋಟೋ ಸಿಗುವುದುಂಟು. ಯಾವಾಗಿನದು ಎಂದು ಕೇಳಿ ನೋಡಿ: "ನಮ್ ಮುತ್ಯಾಂದ್ರಿ, ನಿಜಾಮನ ಕಾಲದ್ದು." ನಿಜಾಮರ ಕಾಲವೆಂದರೆ 1724ರಿಂದ 1948ರವರೆಗೆ, ಎರಡು ಶತಮಾನಕ್ಕೂ ಹೆಚ್ಚು. ಅದನ್ನು ಹತ್ತು-ಹದಿನೈದು ವರ್ಷಗಳ ಅವಧಿಗೆ ಇಳಿಸಲು ಬರುತ್ತದೆ. ಈ ಮೂರು ತಾಲ್ಲೂಕಿನವರಿಗಂತೂ ಅದಕ್ಕೊಂದು ವಿಶೇಷ ಅನುಕೂಲವಿದೆ. ಊರುಗಳು ಇದ್ದಲ್ಲೇ ಇದ್ದರೂ ಅವುಗಳ ಮೇಲಿನ ರಾಜ್ಯದ ಹೆಸರು ಮತ್ತೆ ಮತ್ತೆ ಬದಲಾಯಿತು. ಆ ಬದಲಾವಣೆಯ ಗುರುತು ಕೋಟಿನ ಒಳಮೈಯಲ್ಲಿ ಉಳಿದಿರುತ್ತದೆ.

1. ಮೊದಲು ಓದಿ, ಆಮೇಲೆ ಒಗೆಯಿರಿ.
ಕೋಟು ಸಿಕ್ಕ ಕೂಡಲೇ ಡ್ರೈಕ್ಲೀನಿಂಗಿಗೆ ಕೊಡಬೇಡಿ. ಲೇಬಲ್ಲಿನ ಶಾಯಿ, ಅಸ್ತರದ ಮೇಲಿನ ಠಸ್ಸೆ, ಕಿಸೆಯ ಮೂಲೆಯಲ್ಲಿ ಮಡಚಿಕೊಂಡ ಚೀಟಿ ಎಲ್ಲವೂ ಒಂದೇ ಒಗೆತಕ್ಕೆ ಹೋಗುತ್ತವೆ. ಹಗಲು ಬೆಳಕಿನಲ್ಲಿ, ಬಿಳಿ ಧೋತರದ ಮೇಲೆ ಹಾಸಿ, ಒಳಮಗ್ಗುಲು ಹೊರಗೆ ಮಾಡಿ ಫೋಟೊ ತೆಗೆಯಿರಿ.

2. ಎಲ್ಲಕ್ಕಿಂತ ಹೊಸ ಭಾಗವನ್ನು ಹುಡುಕಿ.
ಕೋಟಿನಲ್ಲಿ ಕೊಂಬಿನ ಗುಂಡಿ ಇದೆ ಎಂದ ಮಾತ್ರಕ್ಕೆ ಅದು ಹಳೆಯದಾಗುವುದಿಲ್ಲ. ಹಳೆಯ ಗುಂಡಿಯನ್ನು ಹೊಸ ಕೋಟಿಗೆ ಹಚ್ಚುವುದು ಸುಲಭ. ಮೂಲ ಹೊಲಿಗೆಯಲ್ಲೇ ಸೇರಿಕೊಂಡ ಅತಿ ಹೊಸ ವಸ್ತು ಯಾವುದೋ, ಕೋಟು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮೂಲ ಯಾವುದು, ದುರಸ್ತಿ ಯಾವುದು ಎಂದು ಮಾತ್ರ ದಾರದಿಂದ ಬೇರ್ಪಡಿಸಿಕೊಳ್ಳಿ. ದಾರದ ಬಣ್ಣ, ಹೊಲಿಗೆಯ ಅಂತರ ಬೇರೆಯಾದರೆ ಅಲ್ಲಿ ಎರಡನೇ ಕೈ ಆಡಿದೆ ಎಂದೇ ಅರ್ಥ.

3. ಲೇಬಲ್ಲಿನ ವಿಳಾಸವೇ ದೊಡ್ಡ ಸಾಕ್ಷಿ.
ದರ್ಜಿಯ ಹೆಸರಿಗಿಂತ ಅದರ ಕೆಳಗಿನ ಸಾಲು ಮುಖ್ಯ. ಶೇರವಾನಿಯಲ್ಲಿ ಕುತ್ತಿಗೆಯ ಹಿಂಬದಿ, ಕೋಟಿನಲ್ಲಿ ಒಳಗಿಸೆಯ ಮೇಲೆ ನೋಡಿ. "ಗುಲ್ಬರ್ಗ, ಡೆಕ್ಕನ್" ಎಂದೋ "ನಿಜಾಮ್ಸ್ ಡೊಮಿನಿಯನ್ಸ್" ಎಂದೋ ಇದ್ದರೆ ಹೈದರಾಬಾದ್ ಸಂಸ್ಥಾನದ ಕಾಲದ್ದು. ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. "ಡೆಕ್ಕನ್" ಎಂಬ ಮಾತು ರೂಢಿಯಲ್ಲಿ ಆಮೇಲೂ ಕೆಲಕಾಲ ಉಳಿಯಿತು, ಹಾಗಾಗಿ ಅದಕ್ಕೆ 1956ರವರೆಗೆ ಅವಕಾಶ ಕೊಡಿ. "ಮೈಸೂರು ರಾಜ್ಯ" ಎಂದಿದ್ದರೆ 1956ರ ನವೆಂಬರ್ 1ರ ನಂತರದ್ದು. "ಕರ್ನಾಟಕ" ಎಂದಿದ್ದರೆ 1973ರ ನವೆಂಬರ್ 1ರ ನಂತರದ್ದು. "ಕಲಬುರಗಿ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದು 2014ರ ಈಚಿನ ಕೋಟು, ಆಸೆ ಬಿಡಿ.

ಆಳಂದ, ಅಫಜಲಪುರದವರು ಮದುವೆಯ ಅರಿವೆಗೆ ಸೊಲ್ಲಾಪುರಕ್ಕೆ ಹೋಗುವುದು ಹಳೆಯ ರೂಢಿ. ಆ ಊರಿನ ಲೇಬಲ್ ಸಿಕ್ಕರೆ ಲೆಕ್ಕ ಬೇರೆ: ಮಹಾರಾಷ್ಟ್ರ ಎಂಬ ಹೆಸರಿದ್ದರೆ 1960ರ ಮೇ 1ರ ನಂತರದ್ದು. ಮುಂಬೈ ಅಂಗಡಿಯದಾದರೆ ಅಂಚೆ ಸಂಖ್ಯೆ ನೋಡಿ. "ಬಾಂಬೆ-2" ಎಂಬಂಥ ಸಣ್ಣ ಸಂಖ್ಯೆ ಇದ್ದರೆ ಪಿನ್‌ಕೋಡ್ ಬರುವ ಮೊದಲಿನದು. ಆರು ಅಂಕಿಯ ಪಿನ್ ಶುರುವಾದದ್ದು 1972ರ ಆಗಸ್ಟ್ 15ರಂದು.

ಉರ್ದು ಅಕ್ಷರ ಕಂಡ ಮಾತ್ರಕ್ಕೆ ನಿಜಾಮರ ಕಾಲದ್ದು ಎಂದು ತೀರ್ಮಾನಿಸಬೇಡಿ. ಉರ್ದುವಿನಲ್ಲಿ ಅಂಗಡಿಯ ಹೆಸರು ಬರೆಸುವ ದರ್ಜಿಗಳು ಆಮೇಲೂ ಇದ್ದರು, ಈಗಲೂ ಇದ್ದಾರೆ.

4. ಬಿಲ್ಲು ಸಿಕ್ಕರೆ ಫಸಲಿಯೋ ಹಿಜರಿಯೋ ನೋಡಿ.
ಟ್ರಂಕಿನ ತಳದಲ್ಲಿ ದರ್ಜಿಯ ಪಾವತಿ ಸಿಕ್ಕಿತೆನ್ನಿ, ಅದರ ಮೇಲೆ 1347 ಎಂದಿದೆ. ಫಸಲಿಯಾದರೆ 590 ಕೂಡಿಸಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಹುಟ್ಟುತ್ತಿದ್ದ ಕಾರಣ ಅದು 1937-38 ಆಗುತ್ತದೆ. ಹಿಜರಿಯಾದರೆ ಅದೇ ಸಂಖ್ಯೆ 1928-29. ಒಂದು ಪದ ಓದುವುದರಲ್ಲಿ ತಪ್ಪಿದರೆ ಒಂಬತ್ತು ವರ್ಷದ ವ್ಯತ್ಯಾಸ! ಉರ್ದು ಓದಬಲ್ಲ ಹಿರಿಯರೊಬ್ಬರ ಮುಂದೆ ಚೀಟಿ ಇಡದೆ ವರ್ಷ ಬರೆಯಬೇಡಿ.

ಹಣದ ಹೆಸರನ್ನೂ ಗಮನಿಸಿ. ನಿಜಾಮರ ರೂಪಾಯಿ ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ಬಿಲ್ಲಿನಲ್ಲಿ "ನಯಾಪೈಸೆ" ಇದ್ದರೆ ಕೋಟು 1957ರ ಏಪ್ರಿಲ್‌ನಿಂದ 1964ರ ಮೇ ಒಳಗಿನದು ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

5. ಶೇರವಾನಿಯ ಗುಂಡಿಯನ್ನು ನಂಬಬೇಡಿ.
ಒಳ್ಳೆಯ ಶೇರವಾನಿಯ ಗುಂಡಿಗಳನ್ನು ಹೊಲಿದಿರುವುದಿಲ್ಲ. ಎದೆಯ ಎರಡೂ ಅಂಚಿನಲ್ಲಿ ತೂತುಗಳಿರುತ್ತವೆ. ಗುಂಡಿಯ ಹಿಂದಿನ ಕೊಂಡಿ ಒಳಗೆ ತೂರಿ, ಅದಕ್ಕೊಂದು ಉಂಗುರ ಸಿಕ್ಕಿಸಿರುತ್ತದೆ. ಹಬ್ಬಕ್ಕೆ ಬೆಳ್ಳಿಯದು, ಕಚೇರಿಗೆ ಸಾದಾ. ಮಗ, ಮೊಮ್ಮಗ ಬೇರೆ ಬೇರೆ ಶೇರವಾನಿಗೆ ಅದೇ ಗುಂಡಿ ಹಾಕಿಕೊಂಡಿರಬಹುದು. ಆದ್ದರಿಂದ ಇಲ್ಲಿ ನೋಡಬೇಕಾದ್ದು ತೂತಿನ ಅಂಚು. ಕೈಯಿಂದ ಹೊಲಿದ ಕಾಜದಲ್ಲಿ ದಾರದ ಗಂಟುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತು, ಬೆರಳು ಸವರಿದರೆ ಸಣ್ಣ ಏಣು ತಾಗುತ್ತದೆ. ಬಳಸಿ ಬಳಸಿ ಆ ಏಣು ಒಂದೇ ಮಗ್ಗುಲಿಗೆ ಸವೆದಿದ್ದರೆ ಕೋಟು ಬಹಳ ವರ್ಷ ಮೈಮೇಲಿತ್ತು ಎಂದು ಗೊತ್ತಾಗುತ್ತದೆ. ಹಾಗೆಂದು ಅದು ತಯಾರಾದ ವರ್ಷವನ್ನು ಹೇಳುವುದಿಲ್ಲ.

6. ಸರ್ಕಾರಿ ಕೋಟಾದರೆ ಗುಂಡಿಯನ್ನೇ ನಂಬಿ.
ರೈಲ್ವೆ, ಸೈನ್ಯದ ಓವರ್‌ಕೋಟಿನ ಹಿತ್ತಾಳೆ ಗುಂಡಿ ವಿಷಯ ಬೇರೆ. ಗುಲ್ಬರ್ಗ, ಶಹಾಬಾದ್, ವಾಡಿ ಇರುವುದು ಹಳೆಯ ಜಿ.ಐ.ಪಿ. ರೈಲ್ವೆಯ ಮಾರ್ಗದಲ್ಲಿ. ವಾಡಿಯಿಂದ ಸಿಕಂದರಾಬಾದಿನ ಕಡೆಯದು ನಿಜಾಮರ ರೈಲ್ವೆ. ಎರಡೂ 1951ರ ನವೆಂಬರ್ 5ರಂದು ಸೆಂಟ್ರಲ್ ರೈಲ್ವೆಯಲ್ಲಿ ಸೇರಿಹೋದವು. ಆ ಹಳೆಯ ಕಂಪನಿಗಳ ಅಕ್ಷರವಿರುವ ಗುಂಡಿ ಅದಕ್ಕೂ ಮೊದಲಿನದು. ನಿಜಾಮರ ರೈಲ್ವೆಯ ಹೆಸರಿನಲ್ಲಿ "ಗ್ಯಾರಂಟೀಡ್" ಎಂಬುದರ "ಜಿ" ಇದ್ದರೆ ಸಾಮಾನ್ಯವಾಗಿ 1930ಕ್ಕೂ ಹಿಂದಿನದು, ಏಕೆಂದರೆ ಆ ವರ್ಷ ಸಂಸ್ಥಾನವೇ ರೈಲ್ವೆಯನ್ನು ವಶಕ್ಕೆ ತೆಗೆದುಕೊಂಡಿತು. ಗೋದಾಮಿನ ಹಳೆಯ ದಾಸ್ತಾನು ಮುಗಿಯಲು ಒಂದೆರಡು ವರ್ಷ ಸೇರಿಸಿಕೊಳ್ಳಿ.

ಸೈನ್ಯದ ಕೋಟಿನಲ್ಲಿ ಕಿರೀಟವಿದ್ದರೆ ಬ್ರಿಟಿಷರ ಕಾಲದ್ದು, ಅಶೋಕ ಸಿಂಹವಿದ್ದರೆ 1950ರ ಈಚಿನದು. ಅಸ್ತರದ ಮೇಲೆ ಅಗಲ ಬಾಣದ ಠಸ್ಸೆ, ಪಕ್ಕದಲ್ಲಿ ವರ್ಷ ಇರುವುದುಂಟು. ಇದು ಸಿಕ್ಕರೆ ಉಳಿದ ಸೂತ್ರಗಳ ಗೊಡವೆಯೇ ಬೇಡ.

7. ಒಂದೆಳೆ ಸುಟ್ಟು ನೋಡಿ.
ಅಂಚಿನ ಒಳಮಡಿಕೆಯಿಂದ ಒಂದೇ ಎಳೆ ತೆಗೆದು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಕೃತಕ ನೂಲು. ಟೆರಿಲಿನ್ ಕಂಡುಹಿಡಿದದ್ದೇ 1941ರಲ್ಲಿ, ನಮ್ಮ ದೇಶದಲ್ಲಿ ತಯಾರಿಕೆ ಆರಂಭವಾದದ್ದು 1960ರ ದಶಕದಲ್ಲಿ. ಮೂಲ ಅರಿವೆಯಲ್ಲಿ ಅದು ಬೆರೆತಿದ್ದರೆ "ನಿಜಾಮನ ಕಾಲ" ಅಲ್ಲಿಗೆ ಮುಗಿಯಿತು. ಹೊಳೆಯುವ ಅಸ್ತರವೆಲ್ಲ ಹೊಸದಲ್ಲ. ಕಾಗದ ಸುಟ್ಟ ವಾಸನೆ ಬರುವ ಹೊಳಪಿನ ಬಟ್ಟೆ ರೇಯಾನ್ ಇರಬಹುದು. ಅದು ಎರಡು ಮಹಾಯುದ್ಧಗಳಿಗೂ ಹಿಂದಿನಿಂದ ಬಳಕೆಯಲ್ಲಿದೆ.

8. ಅರಿವೆಯ ಅಂಚಿನಲ್ಲಿ ಗಿರಣಿಯ ಹೆಸರು ಹುಡುಕಿ.
ಒಳಮಡಿಕೆ ಬಿಚ್ಚಿದರೆ ಅಂಚಿನಲ್ಲಿ ನೇಯ್ದ ಅಕ್ಷರಗಳು ಕೆಲವೊಮ್ಮೆ ಕಾಣುತ್ತವೆ. ಕಾನ್ಪುರದ ಲಾಲ್ ಇಮ್ಲಿ 1876ರದು, ಪಂಜಾಬಿನ ಧಾರಿವಾಲ 1880ರದು, ಠಾಣೆಯ ರೇಮಂಡ್ 1925ರದು. ಇವು ಗಿರಣಿಗಳು ಹುಟ್ಟಿದ ವರ್ಷಗಳು. ಬಟ್ಟೆ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳುತ್ತವೆ. ಉಣ್ಣೆಯ ಉಂಡೆಯಂಥ ವೂಲ್‌ಮಾರ್ಕ್ ಚಿಹ್ನೆ ಇದ್ದರೆ 1964ರ ಈಚಿನದು.

9. ಎದೆಭಾಗವನ್ನು ಚಿವುಟಿ.
ಹೊರ ಅರಿವೆಯನ್ನೂ ಒಳ ಅಸ್ತರವನ್ನೂ ಎರಡು ಬೆರಳಿನಿಂದ ಎಳೆದಾಗ ನಡುವೆ ಮೂರನೆಯ ಪದರ ಬಿಡಿಯಾಗಿ ಜಾರಿದರೆ, ಒಳಗೆ ಕೈಯಿಂದ ಕೂರಿಸಿದ ಕ್ಯಾನ್ವಾಸ್ ಇದೆ. ಅಂಟಿಕೊಂಡಿದ್ದರೆ, ಕಾಲರ್ ಬಳಿ ಗುಳ್ಳೆ ಎದ್ದಿದ್ದರೆ, ಅದು ಅಂಟಿನ ಪದರ. ಸಿದ್ಧ ಉಡುಪಿನ ಕಾಲದ್ದು.

10. ಸಂತೆಯ ಕೋಟು ಮುತ್ಯಾನದಲ್ಲ.
ಹಳೆ ಬಟ್ಟೆಯ ರಾಶಿಯಲ್ಲಿ ಕೊಂಡ ಓವರ್‌ಕೋಟು ಸಮುದ್ರ ದಾಟಿ ಬಂದಿರಬಹುದು. "ಸಿಸಿ 41" ಗುರುತಿದ್ದರೆ ಬ್ರಿಟನ್ನಿನ ಯುದ್ಧಕಾಲದ ಮಿತಬಳಕೆಯ ಉಡುಪು, 1941ರಿಂದ 1952ರ ಒಳಗಿನದು. ಒಳಗಿಸೆಯೊಳಗೆ ಕೈಬರಹದಲ್ಲಿ ಗಿರಾಕಿಯ ಹೆಸರು, ತಾರೀಖು ಬರೆದ ಚೀಟಿ ಹೊಲಿದಿಡುವುದು ಲಂಡನ್ನಿನ ದರ್ಜಿಗಳ ಪದ್ಧತಿ. ಕಿಸೆಯನ್ನು ಒಳಗಿಂದ ಹೊರಗೆ ತಿರುವದೆ ಕೊಳ್ಳಬೇಡಿ, ಮಾರಬೇಡಿ.

11. ಫ್ಯಾಶನ್ ನೋಡಿ ವರ್ಷ ಹೇಳುವುದು ಕೊನೆಗೆ.
ಕಾಲರಿನ ಅಗಲ, ಉದ್ದ, ಸೊಂಟದ ಕಟ್ಟು ನೋಡಿ ದಶಕ ಹೇಳುವ ವಿಧಾನ ಲಂಡನ್, ಮುಂಬೈಗೆ ಸರಿ. ತಾಲ್ಲೂಕಿನ ದರ್ಜಿ ಗುರುವಿನಿಂದ ಕಲಿತ ಒಂದೇ ಮಾಪನ್ನು ಜೀವಮಾನವಿಡೀ ಕತ್ತರಿಸುತ್ತಿದ್ದ. ಶೇರವಾನಿಯಂತೂ ಸಂಸ್ಥಾನ ಹೋದ ಮೇಲೂ ಮದುವೆಯ ಉಡುಪಾಗಿ ಉಳಿಯಿತು. ಈ ಸಾಕ್ಷಿಯನ್ನು ಉಳಿದವುಗಳ ಜೊತೆ ಹೋಲಿಸಲು ಮಾತ್ರ ಇಟ್ಟುಕೊಳ್ಳಿ.

12. ಅವಧಿ ಬರೆಯಿರಿ, ಕಾರಣವನ್ನೂ ಬರೆಯಿರಿ.
ಒಂದು ಶೇರವಾನಿ ನಿಮ್ಮ ಮುಂದಿದೆ ಎಂದುಕೊಳ್ಳಿ. ಲೇಬಲ್ಲಿನಲ್ಲಿ "ಗುಲ್ಬರ್ಗ, ಡೆಕ್ಕನ್", ಅಂಚಿನಲ್ಲಿ ರೇಮಂಡ್, ಕಾಜ ಕೈಹೊಲಿಗೆ, ಅಸ್ತರದ ಎಳೆ ಮಾತ್ರ ಕರಗಿ ಮಣಿಯಾಗುತ್ತದೆ, ಅದನ್ನು ಹೊಲಿದ ದಾರವೂ ಬೇರೆ. ಹಾಗಾದರೆ ಕೋಟು 1925ರಿಂದ 1956ರ ನಡುವಿನದು, ಅಸ್ತರ 1960ರ ಈಚೆಗೆ ಬದಲಾಯಿಸಿದ್ದು. ಮನೆಯಲ್ಲಿ ಮುತ್ಯಾನ ಮದುವೆಯ ಫೋಟೊ ಇದ್ದು, ಅದರಲ್ಲಿ ಇದೇ ಶೇರವಾನಿ ಕಂಡು, ಹಿಂದೆ ಫಸಲಿ ವರ್ಷ ಬರೆದಿದ್ದರೆ ಆ ಮೂವತ್ತು ವರ್ಷ ಇನ್ನೂ ಕುಗ್ಗುತ್ತದೆ. ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು, ಯಾರು ಹೇಳಿದ್ದು, ಯಾವುದು ಕಣ್ಣಾರೆ ನೋಡಿದ್ದು ಎಂದು ಬೇರೆ ಬೇರೆ ಮಾಡಿ, ಕಿಸೆಯಲ್ಲಿಡಿ. ಡಾಂಬರ ಗುಳಿಗೆಯನ್ನು ಮಾತ್ರ ಅದೇ ಕಿಸೆಗೆ ಹಾಕಬೇಡಿ. ಬಟ್ಟೆಯಲ್ಲಿ ಕಟ್ಟಿ ಟ್ರಂಕಿನ ಮೂಲೆಯಲ್ಲಿಡಿ.